ಹೊಂದಿಕೊಂಡವರು

ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರವು 1949ರಲ್ಲಿ ಕೈಗಾರಿಕಾ ಬಡಾವಣೆಯಾಗಿ ಹುಟ್ಟಿತು. ಕಾರ್ಖಾನೆಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿದ ಎಷ್ಟೋ ಮಂದಿ ಅಲ್ಲಿ ಮನೆ ಮಾಡಿದರು. ಮುಂದೆ ವಿಜಯನಗರ, ಬಸವೇಶ್ವರನಗರಗಳೂ ಬೆಳೆದವು. ಅಂದಿನ ಚಿಕ್ಕ ಮನೆಗಳಿದ್ದ ನಿವೇಶನಗಳ ಮೇಲೆ ಇಂದು ಮೂರು ನಾಲ್ಕು ಅಂತಸ್ತುಗಳು ಎದ್ದಿವೆ. ಆದರೂ ಮನೆ ಕಟ್ಟಿಸಿದ ಹಿರಿಯರಿಗೆ ಕೆಲವೆಡೆ ಅವುಗಳಲ್ಲಿ ಎಡೆಯಿಲ್ಲ. ಮಕ್ಕಳು ಹೊರದೇಶದಲ್ಲಿರುವುದುಂಟು, ಊರಿನಲ್ಲಿಯೇ ಇದ್ದು ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವುದುಂಟು, ಮಕ್ಕಳೇ ಇಲ್ಲದಿರುವುದೂ ಉಂಟು. ಹೀಗಾಗಿ ಈ ಬಡಾವಣೆಗಳಲ್ಲಿಯೂ ಕೆಂಗೇರಿಯ ಸುತ್ತಮುತ್ತಲೂ ವೃದ್ಧಾಶ್ರಮಗಳು ನಡೆಯುತ್ತಿವೆ. ಅವುಗಳನ್ನು ಕಂಡೊಡನೆ ಸಮಾಜವು ಮಕ್ಕಳನ್ನು ನಿಂದಿಸುತ್ತದೆ. ಆ ನಿಂದೆ ಕೆಲವೊಮ್ಮೆ ನ್ಯಾಯವಾದುದೇ ಆದರೂ ಒಳಗಿರುವವರ ಒಂದು ದಿನವೂ ಅದರಿಂದ ಹಗುರವಾಗದು. ಅಲ್ಲಿಗೆ ಬಂದ ಮೇಲೆ ಅವರು ಹೇಗೆ ಬಾಳುತ್ತಾರೆಂಬುದೇ ಕೇಳಬೇಕಾದ ಪ್ರಶ್ನೆ.

ಇಂತಹ ಆಶ್ರಮವೊಂದರಲ್ಲಿ ಮೂವರನ್ನು ಊಹಿಸಿಕೊಳ್ಳಬಹುದು. ಒಬ್ಬರು ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಸ್ನಾನದ ನೀರು ಕಾಯಲಿಲ್ಲವೆಂದು ಅವರದು ದಿನವೂ ತಕರಾರು. ಇನ್ನೊಬ್ಬರು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ತಾಯಿ. ಬಂದ ವಾರದಲ್ಲಿಯೇ ಎಲ್ಲರ ಹೆಸರನ್ನೂ ತಿಳಿದುಕೊಂಡು, ಕಣ್ಣು ಮಂಜಾದವರಿಗೆ ಪತ್ರಿಕೆ ಓದಿ ಹೇಳುತ್ತಾರೆ. ಮೂರನೆಯವರಿಗೆ ಮಾತೇ ಕಡಿಮೆ. ಕೊಟ್ಟದ್ದನ್ನು ಉಂಡು, ಹೇಳಿದಾಗ ಮಲಗಿ, ಉಳಿದ ಹೊತ್ತು ಕಿಟಕಿಯ ಬಳಿ ಕುಳಿತಿರುತ್ತಾರೆ. ಚೆನ್ನಾಗಿ ಹೊಂದಿಕೊಂಡವರು ಯಾರೆಂದು ಕೇಳಿದರೆ ಮೇಲ್ವಿಚಾರಕರ ಬೆರಳು ಈ ಮೂರನೆಯವರತ್ತ ತಿರುಗುವುದು ಸಹಜ. ಮೇಸ್ತ್ರಿಗೆ ಸಿಗುವುದು ಜಗಳಗಂಟನೆಂಬ ಹೆಸರು. ತೊಂದರೆ ಕೊಡದಿರುವುದನ್ನೇ ತೃಪ್ತಿಯೆಂದು ತಿಳಿಯುವ ಈ ಲೆಕ್ಕದಲ್ಲಿ ದೊಡ್ಡ ತಪ್ಪಿದೆ.

ಸ್ವಭಾವಕ್ಕೂ ತೃಪ್ತಿಗೂ ನಂಟಿರುವುದು ನಿಜವೇ. ಬೆರೆಯುವ ಸ್ವಭಾವದವರಲ್ಲಿ ಸಂತೋಷವೂ ಬೇಗನೆ ಕಳವಳಗೊಳ್ಳುವವರಲ್ಲಿ ದುಗುಡವೂ ಹೆಚ್ಚೆಂದು ಅಮೆರಿಕದ ಕಾಸ್ಟಾ ಮತ್ತು ಮೆಕ್ರೇ ಎಂಬ ಮನಶ್ಶಾಸ್ತ್ರಜ್ಞರು 1980ರಲ್ಲಿಯೇ ತೋರಿಸಿದರು. ಕಷ್ಟವನ್ನು ಎದುರಿಸುವ ಎರಡು ಬಗೆಗಳನ್ನು ಲಜಾರಸ್ ಮತ್ತು ಫೋಕ್‌ಮನ್ 1984ರ ತಮ್ಮ ಗ್ರಂಥದಲ್ಲಿ ವಿವರಿಸಿದರು: ಕಷ್ಟದ ಕಾರಣವನ್ನೇ ನೀಗಲು ಯತ್ನಿಸುವುದು ಒಂದು; ಮನಸ್ಸನ್ನು ಸಂತೈಸಿಕೊಳ್ಳುವುದು ಇನ್ನೊಂದು. ತೀರಿಹೋದ ಪತ್ನಿಯನ್ನು ಯಾವ ತಕರಾರೂ ಮರಳಿ ತರಲಾರದು. ಅಲ್ಲಿ ಜಪ, ಭಜನೆ, ಹಳೆಯ ಗೆಳೆಯರ ನೆನಪು ಇವೇ ಆಸರೆ. ಆದರೆ ತಣ್ಣೀರನ್ನು ಕಾಯಿಸಬಹುದು. ಅದಕ್ಕೂ ಜಪವನ್ನೇ ಮದ್ದೆಂದು ಉಪದೇಶಿಸುವುದು ಸೌದೆ ಉಳಿಸುವ ಉಪಾಯವೇ ಹೊರತು ವೈರಾಗ್ಯವಲ್ಲ. ತಕರಾರು ಹೇಳುವ ಮೇಸ್ತ್ರಿಗೆ ತನ್ನ ಮಾತಿಗೆ ಇನ್ನೂ ಬೆಲೆಯಿದೆಯೆಂಬ ನಂಬಿಕೆ ಉಳಿದಿದೆ. ಕಿಟಕಿಯ ಬಳಿಯವರದು ನಿಜವಾದ ಶಾಂತಿಯೋ, ಕೇಳಿ ಫಲವಿಲ್ಲವೆಂಬ ನಿರಾಸೆಯೋ, ದೂರದಿಂದ ನೋಡಿದವರಿಗೆ ತಿಳಿಯದು. ಪಕ್ಕದಲ್ಲಿ ಕುಳಿತು ಮಾತನಾಡಿಸಬೇಕು.

ಈ ವಿಷಯದಲ್ಲಿ ಲ್ಯಾಂಗರ್ ಮತ್ತು ರೋಡಿನ್ ಎಂಬ ಇಬ್ಬರು ವಿದುಷಿಯರು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ವೃದ್ಧರ ಶುಶ್ರೂಷಾಲಯವೊಂದರಲ್ಲಿ ನಡೆಸಿದ ಪ್ರಯೋಗವು ಪ್ರಸಿದ್ಧವಾಗಿದೆ. ಅದು ಪ್ರಕಟವಾದುದು 1976ರಲ್ಲಿ. ಒಂದು ಅಂತಸ್ತಿನವರಿಗೆ, ಇಲ್ಲಿನ ನಿಮ್ಮ ಬದುಕಿನ ಹೊಣೆ ನಿಮ್ಮದೇ ಎಂದು ಹೇಳಲಾಯಿತು. ಬೇಕಾದರೆ ಒಂದು ಗಿಡವನ್ನು ಆರಿಸಿಕೊಂಡು ತಾವೇ ನೀರೆರೆಯಬಹುದಾಗಿತ್ತು, ಚಲನಚಿತ್ರವನ್ನು ಯಾವ ರಾತ್ರಿ ನೋಡುವುದೆಂದು ತಾವೇ ನಿರ್ಧರಿಸಬಹುದಾಗಿತ್ತು. ಇನ್ನೊಂದು ಅಂತಸ್ತಿನವರಿಗೂ ಗಿಡ ದೊರೆಯಿತು, ಚಿತ್ರವೂ ದೊರೆಯಿತು. ಆದರೆ ನೀರೆರೆದವರು ದಾದಿಯರು, ದಿನ ಗೊತ್ತುಮಾಡಿದವರು ಬೇರೆಯವರು. ಮೂರು ವಾರಗಳ ಬಳಿಕ ನೋಡಿದಾಗ, ಮೊದಲ ಗುಂಪಿನ 100ಕ್ಕೆ 93 ಮಂದಿಯಲ್ಲಿ ಒಟ್ಟಾರೆ ಸುಧಾರಣೆ ಕಂಡಿತು. ಎರಡನೆಯ ಗುಂಪಿನ 100ಕ್ಕೆ 71 ಮಂದಿ ಇನ್ನಷ್ಟು ಕುಗ್ಗಿದ್ದರು. ಪ್ರಯೋಗ ಚಿಕ್ಕದು, ಅದರ ಮೇಲೆ ಅತಿಯಾದ ಭಾರ ಹೊರಿಸಬಾರದು. ಆದರೂ ಎರಡು ಗುಂಪಿಗೂ ದೊರೆತ ಅನ್ನ, ಔಷಧ, ಹಾಸಿಗೆಗಳಲ್ಲಿ ಭೇದವಿರಲಿಲ್ಲವೆಂಬುದು ಗಮನಾರ್ಹ. ಭೇದವಿದ್ದುದು ಯಾರ ಇಚ್ಛೆ ನಡೆಯಿತು ಎಂಬುದರಲ್ಲಿ.

ನಮ್ಮ ದೇಶದಲ್ಲಿ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಶಾಸನವಾಯಿತು. ಪೋಷಣೆಯೆಂದರೆ ಅನ್ನ, ಬಟ್ಟೆ, ವಸತಿ ಮತ್ತು ವೈದ್ಯಕೀಯ ಚಿಕಿತ್ಸೆ ಎಂದು ಆ ಶಾಸನವು ಹೇಳಿತು. ಬಡ ಹಿರಿಯರಿಗಾಗಿ ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಮಂದಿಗೆ ಸ್ಥಳ ಎಂಬ ಆಶಯವೂ ಅದರಲ್ಲಿದೆ. ಇವು ಇಲ್ಲದೆ ಯಾರೂ ಬದುಕಲಾರರು. ಆದರೆ ಕಾಫಿಯ ಹೊತ್ತು, ಕೋಣೆಯ ಜೊತೆಗಾರ, ತನ್ನ ಪೆಟ್ಟಿಗೆಯ ಬೀಗದ ಕೈ ತನ್ನ ಸೊಂಟದಲ್ಲಿರುವುದು, ಇವನ್ನು ಶಾಸನವು ಕೊಡಲಾರದು. ಆಶ್ರಮ ನಡೆಸುವವರು ಖರ್ಚಿಲ್ಲದೆ ಕೊಡಬಲ್ಲರು. ಐವತ್ತು ಮಂದಿಯನ್ನು ಇಬ್ಬರೇ ನೋಡಿಕೊಳ್ಳಬೇಕಾದೆಡೆ ಕಟ್ಟಳೆ ಬಿಗಿಯಾಗುವುದು ಅರ್ಥವಾಗುವಂಥದೇ. ಆದರೆ ಆ ಕಟ್ಟಳೆಯನ್ನು ಹಿರಿಯರ ಹಿತಕ್ಕಾಗಿಯೇ ಮಾಡಿದ್ದೆಂದು ಹೇಳಬೇಕಾಗಿಲ್ಲ.

2021ರಿಂದ ಕೆಂಗೇರಿಗೆ ಮೆಟ್ರೊ ರೈಲು ಬರುತ್ತಿದೆ. ಅಲ್ಲಿನ ಆಶ್ರಮದ ಹಿರಿಯರೊಬ್ಬರಿಗೆ ವಿಜಯನಗರದಲ್ಲಿ ತಾವು ಮೂವತ್ತು ವರ್ಷ ಬಾಳಿದ ಬೀದಿಯನ್ನು ನೋಡಿಬರುವ ಆಸೆಯಾದರೆ, ದಾರಿ ಈಗ ಕಠಿನವಲ್ಲ. ಮರೆವಿನ ಕಾಯಿಲೆಯವರಿಗೆ ಜೊತೆ ಬೇಕು, ಸರಿ. ನೆನಪು ನೆಟ್ಟಗಿರುವವರಿಗೂ ಬಾಗಿಲಲ್ಲಿ ಮಗನ ಒಪ್ಪಿಗೆ ಪತ್ರವನ್ನು ಕೇಳಿದರೆ, ಆ ಮಗನು ಹೊರದೇಶದಲ್ಲಿ ನಿದ್ರೆಯಲ್ಲಿದ್ದರೆ, ಅರುವತ್ತು ವರ್ಷಗಳ ಹಿಂದೆ ತಮ್ಮ ದಾರಿಯನ್ನು ತಾವೇ ಹುಡುಕಿಕೊಂಡು ಈ ಊರಿಗೆ ಬಂದವರು ಕೈಚೀಲ ಹಿಡಿದು ಬೆಂಚಿನ ಮೇಲೆ ಕಾಯುತ್ತಾ ಕುಳಿತಿರಬೇಕಾಗುತ್ತದೆ.