ಗಾಜಿನ ಮೂಲೆಯ ಸಣ್ಣ ಬರಹ ಓದಿ



ನಾಳೆ ಶಾಲೆಯ ವ್ಯಾನು ಹತ್ತಿದಾಗ ನೀವು ಕೂತ ಬದಿಯ ಕಿಟಕಿ ಗಾಜಿನ ಕೆಳಮೂಲೆ ನೋಡಿ. ನಮ್ಮ ಕಾಸರಗೋಡಿನ ಲೈನ್ ಬಸ್ಸುಗಳಲ್ಲಿ ಬದಿಗೆ ಗಾಜಿನ ಬದಲು ಶಟರ್ ಇರುವುದೂ ಉಂಟು. ಆಗ ಡ್ರೈವರಣ್ಣನ ಎದುರಿನ ದೊಡ್ಡ ಗಾಜು ನೋಡಿದರೆ ಸಾಕು. ಎರಡು ಬೆರಳಗಲದ ಜಾಗದಲ್ಲಿ ಒಂದಷ್ಟು ಅಕ್ಷರ, ಅಂಕಿ, ಚಿಹ್ನೆ ಕಾಣಿಸ್ತದೆ. ಕಂಪನಿಯ ಹೆಸರು ಇರಬೇಕು ಅಂತ ನಾವು ಬಿಟ್ಟುಬಿಡ್ತೇವೆ. ಆದರೆ ಆ ಬರಹವನ್ನು ಓದುವುದು ಪ್ರತಿಯೊಬ್ಬ ಹೈಸ್ಕೂಲು ವಿದ್ಯಾರ್ಥಿಗೂ ಗೊತ್ತಿರಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಗಾಜಿನ ವಿಷಯ. ವಾಹನಕ್ಕೆ ಮುಖ್ಯವಾಗಿ ಎರಡು ಬಗೆಯ ಸುರಕ್ಷಾ ಗಾಜು ಹಾಕುತ್ತಾರೆ. ಒಂದು 'ಟಫನ್ಡ್'. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ತಟ್ಟನೆ ಗಾಳಿ ಊದಿ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ತಣಿದು ಕುಗ್ಗುವಾಗ ಹೊರಮೈಯನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಹೀಗಾಗಿ ಇದು ಸಾಮಾನ್ಯ ಗಾಜಿಗಿಂತ ಬಲವಾದದ್ದು. ಒಡೆದರೂ ಕತ್ತಿಯಂಥ ಚೂರಾಗದೆ ಸಣ್ಣ ಸಣ್ಣ ಹರಳುಗಳಾಗಿ ಉದುರುತ್ತದೆ. ಇನ್ನೊಂದು 'ಲ್ಯಾಮಿನೇಟೆಡ್'. ಎರಡು ಗಾಜುಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್ ಪದರ. ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಕಾರು, ಬಸ್ಸುಗಳ ಗಾಜೆಲ್ಲ ಸುರಕ್ಷಾ ಗಾಜೇ ಆಗಿರಬೇಕು, ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಬೇಕು. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ. 70, ಬದಿಯ ಗಾಜು ಶೇ. 50ರಷ್ಟು ಬೆಳಕನ್ನು ಒಳಗೆ ಬಿಡಬೇಕು.

ಇನ್ನು ಬರಹ ಓದೋಣ. ಐಎಸ್‌ಐ ಚಿಹ್ನೆ ಹುಡುಕಿ. ಅದರ ಮೇಲೆ 'ಐಎಸ್ 2553' ಎಂದಿದ್ದರೆ ಅದು ಸುರಕ್ಷಾ ಗಾಜಿನ ಭಾರತೀಯ ಮಾನಕ. ಎರಡನೇ ಭಾಗ ವಾಹನಗಳ ಗಾಜಿಗೆ ಸೇರಿದ್ದು. 'ಸಿಎಂ/ಎಲ್' ಎಂದು ಶುರುವಾಗುವುದು ತಯಾರಕರ ಲೈಸೆನ್ಸ್ ಸಂಖ್ಯೆ. ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇದ್ದರೆ, ವಿಶ್ವಸಂಸ್ಥೆಯ 43ನೇ ವಾಹನ ನಿಯಮದಂತೆ ಯಾವುದೋ ದೇಶ ಒಪ್ಪಿಗೆ ಕೊಟ್ಟಿದೆ ಎಂದರ್ಥ. 1 ಎಂದರೆ ಜರ್ಮನಿ, 2 ಫ್ರಾನ್ಸ್. ಇದೇ ಪದ್ಧತಿಯಲ್ಲಿ ಕಪ್ಪು ಛಾಯೆಯ ಸನ್‌ರೂಫ್ ಗಾಜಿನ ಮೇಲೆ ರೋಮನ್ ಐದು ಕಂಡರೆ, ಅದು ಶೇ. 70ಕ್ಕಿಂತ ಕಡಿಮೆ ಬೆಳಕು ಬಿಡುವ ಗಾಜು.

ಇದನ್ನೆಲ್ಲ ನೋಡಲು ಆರ್‌ಟಿಒ ಇದ್ದಾರಲ್ವಾ ಅಂತ ನೀವು ಕೇಳಬಹುದು. ಇದ್ದಾರೆ. ಆದರೆ ಫಿಟ್‌ನೆಸ್ ಪರೀಕ್ಷೆ ದಿನಾ ನಡೆಯುವುದಿಲ್ಲ. ನಡುವೆ ಯಾವತ್ತೋ ಕಲ್ಲು ಸಿಡಿದು ಗಾಜು ಒಡೀತದೆ, ಕಡಿಮೆ ದುಡ್ಡಿಗೆ ಬೇರೆ ಗಾಜು ಕೂರಿಸ್ತಾರೆ. ಹೊಸ ಗಾಜು ಕಣ್ಣಿಗೆ ಒಂದೇ ಥರ ಹೊಳೆಯುತ್ತದೆ. ಗುರುತೇ ಇಲ್ಲದ ಗಾಜು ಒಡೆಯುವಾಗ ಹೇಗೆ ಒಡೆಯುತ್ತದೆ ಎಂದು ಒಡೆದ ಮೇಲಷ್ಟೇ ತಿಳಿಯುತ್ತದೆ. ಆಗ ತಿಳಿದು ಏನು ಪ್ರಯೋಜನ? ಆದ್ದರಿಂದ ಮನೆಯ ಜೀಪಿಗೋ ಕಾರಿಗೋ ಗಾಜು ಬದಲಿಸುವಾಗ ದುಡ್ಡು ಕೊಡುವ ಮೊದಲೇ ಮೂಲೆ ನೋಡಿ ಅಂತ ಅಪ್ಪನಿಗೆ ಹೇಳಿ. ಗುರುತು ಗಾಜಿನಲ್ಲೇ ಅಚ್ಚಾಗಿರಬೇಕು. ಉಗುರಿನಿಂದ ಕೆರೆದರೆ ಏಳುವ ಸ್ಟಿಕ್ಕರನ್ನು ನಂಬಬೇಡಿ.

ಇನ್ನೊಂದು ಕಾರಣ ನಮ್ಮ ಮಳೆಗಾಲ. ಚಂದ್ರಗಿರಿ, ಪಯಸ್ವಿನಿ ತುಂಬಿ ಹರಿಯುವ ಊರು ನಮ್ಮದು. ಕಾರು ನೀರಿಗೆ ಬಿದ್ದರೆ ಬಾಗಿಲು ಯಾಕೆ ತೆರೆಯುವುದಿಲ್ಲ? ಅರ್ಧ ಮೀಟರ್ ಆಳದಲ್ಲಿ ನೀರು ಒಂದು ಚದರ ಮೀಟರಿನ ಮೇಲೆ ಸುಮಾರು 5,000 ನ್ಯೂಟನ್ ಬಲದಿಂದ ಒತ್ತುತ್ತದೆ. ಅದು 500 ಕೆ.ಜಿ. ಭಾರಕ್ಕೆ ಸಮ. ಆಗ ಹೊರಬರುವ ದಾರಿ ಕಿಟಕಿ. ಅದೂ ಇಳಿಯದಿದ್ದರೆ ಒಡೆಯಬೇಕು. ಟಫನ್ಡ್ ಗಾಜಿನ ಮೂಲೆಗೆ ಚೂಪು ತುದಿಯ ಸುತ್ತಿಗೆಯಿಂದ ಹೊಡೆದರೆ ಪೂರ್ತಿ ಉದುರುತ್ತದೆ. ಲ್ಯಾಮಿನೇಟೆಡ್ ಗಾಜು ಬಿರುಕು ಬಿಡುತ್ತದೆಯೇ ಹೊರತು ದಾರಿ ಕೊಡುವುದಿಲ್ಲ. ಈಗ ಕೆಲವು ಕಾರುಗಳ ಬದಿಯ ಗಾಜೂ ಲ್ಯಾಮಿನೇಟೆಡ್. ಯಾವುದು ಯಾವುದೆಂದು ಮುಳುಗುವ ಹೊತ್ತಿಗೆ ಹುಡುಕಲಾಗುವುದಿಲ್ಲ, ಇವತ್ತೇ ಓದಿಟ್ಟುಕೊಳ್ಳಬೇಕು.

ಒಂದು ಎಚ್ಚರಿಕೆಯೂ ಉಂಟು. ಗುರುತು ಮಾತು ಕೊಡುವುದು ಗಾಜಿನ ಬಗ್ಗೆ ಮಾತ್ರ. ಮದುವೆ ದಿಬ್ಬಣದ ಕಾರುಗಳಲ್ಲಿ ಮಕ್ಕಳು ಸನ್‌ರೂಫಿನಿಂದ ಎದೆಮಟ್ಟ ಹೊರಗೆ ನಿಂತು ಕೈ ಬೀಸುವುದು ನೋಡಿದ್ದೇವೆ. ಗಂಟೆಗೆ 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ಬ್ರೇಕ್ ಬಿದ್ದರೆ ಕಾರು ನಿಲ್ಲುತ್ತದೆ, ಜಡತ್ವದಿಂದ ನಿಮ್ಮ ಮೈ ಮುಂದಕ್ಕೇ ಹೋಗುತ್ತದೆ. ಅದನ್ನು ತಡೆಯುವುದು ಎದೆಗೆ ಬಡಿಯುವ ಛಾವಣಿಯ ಅಂಚು. ಅದಕ್ಕೆ ಯಾವ ಐಎಸ್‌ಐ ಚಿಹ್ನೆಯೂ ಉತ್ತರವಲ್ಲ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಅಕ್ಷರದ ಈ ಗುರುತುಗಳು ದೂರ ಅನಿಸಬಹುದು. ಹಾಗೇನಿಲ್ಲ. 2553 ಎಂಬ ಅಂಕಿ ಮಂಜೇಶ್ವರದಲ್ಲೂ ಅಕ್ಕಲಕೋಟೆಯಲ್ಲೂ ಒಂದೇ. ಈ ವಾರ ನಿಮ್ಮ ಶಾಲಾ ವಾಹನದ ಪ್ರತಿ ಗಾಜಿನ ಗುರುತನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಗುರುತಿಲ್ಲದ ಗಾಜು ಸಿಕ್ಕರೆ ಸುಮ್ಮನಿರಬೇಡಿ, ಮುಖ್ಯೋಪಾಧ್ಯಾಯರಿಗೆ ತಿಳಿಸಿ. ವಿಜ್ಞಾನ ಕಲಿತವರು ಕೇಳಲೇಬೇಕಾದ ಪ್ರಶ್ನೆ ಅದು.