ಕೆಂಪು ಗೆರೆಯನ್ನು ಎಳೆಯುವವರು ಯಾರು?

ದಾಂಡೇಲಿ ಕಾಗದಕ್ಕೆ ಹೆಸರಾದ ಊರು. ಆದರೆ ಕಾಗದಕ್ಕೆ ವ್ಯಾಕರಣ ತಿಳಿಯದು. ಸರಿಯಾದ ವಾಕ್ಯವನ್ನೂ ತಪ್ಪು ವಾಕ್ಯವನ್ನೂ ಅದು ಸಮಭಾವದಿಂದ ಹೊರುತ್ತದೆ. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯಲು ಬಳಸುವ ಕೋಡ್ ಎಡಿಟರ್ ಕೂಡ ಮೂಲತಃ ಇಂಥದೊಂದು ಕಾಗದವೇ. ಹಾಗಾದರೆ, ತಪ್ಪು ಬರೆದೊಡನೆ ಪದದ ಕೆಳಗೆ ಕೆಂಪು ಗೆರೆಯನ್ನು ಎಳೆಯುವವರು ಯಾರು?

ಇಲ್ಲಿ ಮೂವರು ಕೆಲಸಗಾರರಿದ್ದಾರೆ. ಎಡಿಟರ್ ನಾವು ಬರೆದುದನ್ನು ತೋರಿಸುತ್ತದೆ. ‘ಲಾಂಗ್ವೇಜ್ ಸರ್ವರ್’ ಎಂಬ ಬೇರೊಂದು ಪ್ರೋಗ್ರಾಂ ಹಿನ್ನೆಲೆಯಲ್ಲಿದ್ದು, ಆಯಾ ಭಾಷೆಯ ನಿಯಮಗಳಿಗನುಸಾರವಾಗಿ ಅದನ್ನು ಓದಿ, ತಪ್ಪನ್ನು ಗುರುತಿಸಿ, ಮುಂದೆ ಬರಬಹುದಾದ ಪದವನ್ನೂ ಸೂಚಿಸುತ್ತದೆ. ಬರೆದುದು ಕಾರ್ಯರೂಪಕ್ಕೆ ಬರುವುದು ಮಾತ್ರ ಕಂಪೈಲರ್ ಅಥವಾ ಇಂಟರ್‌ಪ್ರಿಟರಿನಿಂದ. ಆದುದರಿಂದ ವಿಎಸ್ ಕೋಡ್ ಎಡಿಟರಿಗೆ ಪೈಥಾನ್ ಎಕ್ಸ್‌ಟೆನ್ಷನ್ ಅಳವಡಿಸಿದ ಮಾತ್ರಕ್ಕೆ ಪೈಥಾನ್ ಭಾಷೆಯೇ ಯಂತ್ರದೊಳಗೆ ಬಂದಂತಾಗಲಿಲ್ಲ. ಅದನ್ನು ಪ್ರತ್ಯೇಕವಾಗಿ ಸ್ಥಾಪಿಸಿ, ಅದು ಎಲ್ಲಿದೆ ಎಂಬುದು ಎಡಿಟರಿಗೆ ತಿಳಿಯುವಂತೆ ಮಾಡಬೇಕು. ಹೊಸಬರು ಎಡವುವುದು ಇಲ್ಲಿಯೇ.

ಎಡಿಟರಿಗೂ ಸರ್ವರಿಗೂ ನಡುವೆ ಮಾತು ನಡೆಯುವುದು ಹೇಗೆ? 1966ರಿಂದ ಟಿಬೇಟಿನ ನಿರಾಶ್ರಿತರು ನೆಲೆನಿಂತ ಮುಂಡಗೋಡದಲ್ಲಿ ಕನ್ನಡ, ಟಿಬೇಟಿ, ಕೊಂಕಣಿ, ಮರಾಠಿ ಮಾತಾಡುವವರು ಒಂದೇ ಸಂತೆಯಲ್ಲಿ ಸೇರಿದರೆನ್ನಿ. ಪ್ರತಿಯೊಬ್ಬರೂ ಉಳಿದೆಲ್ಲರ ಭಾಷೆಯನ್ನು ಕಲಿಯಲೇಬೇಕೆಂದರೆ ವ್ಯಾಪಾರ ನಡೆದೀತೆ? ಎಲ್ಲರೂ ಅರಿತ ಒಂದು ನಡುಭಾಷೆ ಇದ್ದರೆ ಸಾಕು. 2016ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ‘ಲಾಂಗ್ವೇಜ್ ಸರ್ವರ್ ಪ್ರೋಟೋಕಾಲ್’ ಅಂಥ ನಡುಭಾಷೆ. 10 ಎಡಿಟರುಗಳಿಗೆ 10 ಪ್ರೋಗ್ರಾಮಿಂಗ್ ಭಾಷೆಗಳನ್ನು ಬಿಡಿಬಿಡಿಯಾಗಿ ಹೊಂದಿಸಲು 100 ಜೋಡಣೆಗಳು ಬೇಕು; ಎಲ್ಲವೂ ಈ ನಡುಭಾಷೆಯನ್ನು ಅರಿತರೆ 20 ಸಾಕು.

ಈ ಜೋಡಣೆಯನ್ನು ವಿದ್ಯಾರ್ಥಿ ತನ್ನ ಕೈಯಿಂದಲೇ ಮಾಡಬೇಕು, ಅದೇ ಪ್ರಯೋಗಾಲಯದ ಮೊದಲ ಪಾಠವಾಗಬೇಕು ಎಂಬುದು ನನ್ನ ಅಭಿಪ್ರಾಯ. ಎಲ್ಲವನ್ನೂ ಸಿದ್ಧಗೊಳಿಸಿಟ್ಟ ಯಂತ್ರದ ಮುಂದೆ ಕಲಿತವನು ಜೋಯಿಡಾದ ಕಾಡಿನ ನಡುವಣ ತನ್ನ ಮನೆಗೆ ಹೋಗಿ, ಹಳೆಯ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಂ ಬರೆದಾಗ ಏನೂ ನಡೆಯದಿದ್ದರೆ, ‘ಈ ವಿದ್ಯೆ ನನ್ನಂಥವನಿಗಲ್ಲ’ ಎಂದುಕೊಳ್ಳುತ್ತಾನೆ. ಕೊರತೆ ಬುದ್ಧಿಯದಲ್ಲ, ಒಂದು ಜೋಡಣೆಯದು ಎಂದು ಅವನಿಗೆ ಹೇಳುವವರಾರು? ಜೋಡಣೆಯನ್ನು ಅರಿತವನಿಗಾದರೋ ಇಂಟರ್ನೆಟ್ಟಿನ ಅಭಾವವೂ ದೊಡ್ಡ ಅಡ್ಡಿಯಲ್ಲ. ಹಳಿಯಾಳದಲ್ಲೋ ದಾಂಡೇಲಿಯಲ್ಲೋ ತನ್ನ ಯಂತ್ರಕ್ಕೆ ತಕ್ಕ ಪೈಥಾನನ್ನೂ ಎಕ್ಸ್‌ಟೆನ್ಷನ್ನಿನ ಕಡತಗಳನ್ನೂ ಪೆನ್ ಡ್ರೈವಿನಲ್ಲಿ ತುಂಬಿಕೊಂಡು ಹೋಗಬಹುದು. ಒಮ್ಮೆ ಸ್ಥಾಪಿಸಿದ ಮೇಲೆ ಇವೆಲ್ಲ ಅವನ ಯಂತ್ರದೊಳಗೇ ನಡೆಯುತ್ತವೆ.

ಇನ್ನೊಂದು ಎಚ್ಚರಿಕೆ. ಆಯತದ ಕ್ಷೇತ್ರಫಲಕ್ಕಾಗಿ ಉದ್ದವನ್ನು ಅಗಲದಿಂದ ಗುಣಿಸುವ ಬದಲು ಕೂಡಿಸಿ ನೋಡಿರಿ; ಕೆಂಪು ಗೆರೆ ಮೂಡುವುದಿಲ್ಲ! ಸರ್ವರ್ ವ್ಯಾಕರಣವನ್ನು ಬಲ್ಲುದು, ನಿಮ್ಮ ಉದ್ದೇಶವನ್ನಲ್ಲ. ಉತ್ತರ ಸರಿಯೆ ಎಂದು ಕಾಗದದ ಮೇಲೆ ಲೆಕ್ಕ ಮಾಡಿ ನೋಡುವ ಹೊಣೆ ಇಂದಿಗೂ ವಿದ್ಯಾರ್ಥಿಯದೇ.