ಹಡಗು ಎದ್ದಿತು, ನಾವು?

ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ಮೂಟೆ ಹೊರುವವರು ನಾವು. ಮಾಲು ಹಡಗಿನಲ್ಲಿ ಬರಲಿ, ಲಾರಿಯಲ್ಲಿ ಬರಲಿ, ಲಾಭ ಗಲ್ಲಾಪೆಟ್ಟಿಗೆಗೆ, ನೋವು ನಮ್ಮ ಬೆನ್ನಿಗೆ. ಅದಕ್ಕೇ ಮಲ್ಪೆಯ ಸುದ್ದಿ ನಮಗೂ ಸೇರಿದ್ದು.

ಅಲ್ಲಿ ದಿವಾಳಿಯೆದ್ದಿದ್ದ ಟೆಬ್ಮಾ ಶಿಪ್‌ಯಾರ್ಡನ್ನು 2020ರಲ್ಲಿ ಕೇಂದ್ರ ಸರ್ಕಾರದ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡಿತು. 2023ರಲ್ಲಿ ನಾರ್ವೆಯಿಂದ ಆರು ಸರಕು ಹಡಗುಗಳ ಆರ್ಡರೂ ಬಂತು. ಸಂತೋಷವೇ.

ಆದರೆ ಸ್ವಾಮಿ, ಕೊಂಡ ದುಡ್ಡಿನಲ್ಲಿ ಜನರ ಪಾಲೂ ಇದೆ. ಸರ್ಕಾರಿ ಕಂಪನಿ ಅಂದಮೇಲೆ ನೇಮಕದಲ್ಲಿ ಮೀಸಲಾತಿ ಉಂಟು. ಕೆಲಸವನ್ನೆಲ್ಲ ಗುತ್ತಿಗೆದಾರನ ಕೈಗಿಟ್ಟರೆ ಆ ಮೀಸಲಾತಿ ಕಾಗದದ ದೋಣಿ! ವೆಲ್ಡಿಂಗ್ ಕಿಡಿಗೆ ಕಣ್ಣೊಡ್ಡೋಕೆ ಮಾತ್ರ ನಮ್ಮ ಹುಡುಗರು ಬೇಕು, ಕಾಯಂ ಪಟ್ಟಿಗೆ ಬೇಡ ಅಂದ್ರೆ ಅದು ಯಾವ ಪುನರುಜ್ಜೀವನ?

ನಾವು ಭಿಕ್ಷೆ ಕೇಳ್ತಿಲ್ಲ. ಕೇರಿಯ, ಕಡಲಂಚಿನ ಮಕ್ಕಳಿಗೆ ಕಸುಬು ಕಲಿಸಿ, ಕಾಯಂ ಮಾಡಿ. ಹಡಗಿಗೆ ಹೆಸರಿಡುವ ಮೊದಲು ಕಟ್ಟಿದವರ ಹೆಸರು ಬರೆಯಿರಿ.